ಪೆಡಲ್ ಇಲ್ಲದ ಸೈಕಲ್, ಸುತ್ತಿಗೆ ಎತ್ತಿದ ಕಮ್ಮಾರ: 1819ರ ಲಂಡನ್ ಚಿತ್ರವೊಂದನ್ನು ಓದುವ ಬಗೆ

ಪ್ರಶ್ನೆ: ನಮ್ಮ ಸೋದರಮಾವ ಬಹಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡಿದ್ದ, ಕಟ್ಟು ಹಾಕಿಸಿದ ಒಂದು ಇಂಗ್ಲಿಷ್ ಚಿತ್ರ ಈಗ ನಮ್ಮ ಮನೆಯಲ್ಲಿದೆ. ಕಮ್ಮಾರನೊಬ್ಬ ಎರಡು ಚಕ್ರದ ಮರದ ಗಾಡಿಯನ್ನು ಸುತ್ತಿಗೆಯಿಂದ ಒಡೆಯುತ್ತಿದ್ದಾನೆ. ಸೊಂಟ ಬಿಗಿದುಕೊಂಡ, ಕತ್ತಿನವರೆಗೆ ಬಟ್ಟೆ ಸುತ್ತಿಕೊಂಡ ಶ್ರೀಮಂತ ಯುವಕ ನೆಲಕ್ಕೆ ಬಿದ್ದಿದ್ದಾನೆ. ಕೆಳಗೆ 1819 ಎಂದಿದೆ. ಗಾಡಿಗೆ ಪೆಡಲ್ ಇಲ್ಲ, ಚೈನ್ ಇಲ್ಲ. ಇಂಥ ಸೈಕಲ್ ನಿಜವಾಗಿ ಇತ್ತೇ? ಇದ್ದರೆ ಅದರ ಮೇಲೆ ಇಷ್ಟು ಸಿಟ್ಟು ಯಾಕೆ? ನಮ್ಮಲ್ಲಿರುವುದು ಆ ಕಾಲದ ಅಸಲಿ ಪ್ರತಿಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಇತ್ತು. 1819ರ ವಸಂತದಲ್ಲಿ ಲಂಡನ್ನಿನ ಬೀದಿಗಳಲ್ಲಿ, ಉದ್ಯಾನಗಳಲ್ಲಿ ಈ ಗಾಡಿ ನಿಜವಾಗಿಯೂ ಓಡಾಡುತ್ತಿತ್ತು. ಪೆಡಲ್ ಇಲ್ಲದಿರುವುದು ಕಲಾವಿದನ ಮರೆವಲ್ಲ. ಆಗಿನ್ನೂ ಪೆಡಲ್ ಬಂದಿರಲಿಲ್ಲ. ಸವಾರ ಎರಡು ಚಕ್ರಗಳ ನಡುವಿನ ದಿಮ್ಮಿಯ ಮೇಲೆ ಕಾಲು ಇಳಿಬಿಟ್ಟು ಕೂತು, ನಡೆಯುವವನಂತೆ ನೆಲವನ್ನು ಒಂದೊಂದೇ ಕಾಲಿನಿಂದ ಹಿಂದಕ್ಕೆ ಒದೆಯುತ್ತ ಮುಂದೆ ಸಾಗಬೇಕಿತ್ತು. ವೇಗ ಬಂದ ಮೇಲೆ ಕಾಲೆತ್ತಿಕೊಂಡರೆ ಗಾಡಿ ತಾನಾಗಿಯೇ ಸ್ವಲ್ಪ ದೂರ ಉರುಳುತ್ತಿತ್ತು. ನಿಮ್ಮ ಎರಡನೆಯ ಪ್ರಶ್ನೆ, ಅಂದರೆ ಸಿಟ್ಟು ಯಾಕೆ ಎಂಬುದು, ನನಗೆ ಹೆಚ್ಚು ಮುಖ್ಯವಾದದ್ದು. ಈ ಚಿತ್ರಗಳನ್ನು ನೋಡುವವರು ಸಾಮಾನ್ಯವಾಗಿ ಗಾಡಿಯನ್ನೇ ನೋಡುತ್ತಾರೆ. ಚಿತ್ರ ಬಿಡಿಸಿದವರ ಕಣ್ಣು ಇದ್ದದ್ದು ಮೇಲೆ ಕೂತವನ ಮೇಲೆ.

ಮೊದಲು ಗಾಡಿಯ ಕಥೆ. ಜರ್ಮನಿಯ ಬಾಡೆನ್ ಸಂಸ್ಥಾನದ ಅರಣ್ಯಾಧಿಕಾರಿ ಕಾರ್ಲ್ ಫಾನ್ ಡ್ರೈಸ್ ಎಂಬಾತ 1817ರ ಜೂನ್ 12ರಂದು ಮನ್‌ಹೈಮ್ ಊರಿನಿಂದ ತನ್ನ ಹೊಸ ಓಡುಗಾಡಿಯನ್ನು ಏರಿ ಹೊರಟ. ದಾರಿಯಲ್ಲಿದ್ದ ಒಂದು ಅಂಚೆಕುದುರೆ ತಂಗುದಾಣದವರೆಗೆ ಹೋಗಿ, ಒಂದು ಗಂಟೆಯೊಳಗೆ ಹಿಂದಿರುಗಿದ. ಮರುವರ್ಷ ಬಾಡೆನ್‌ನಲ್ಲೂ ಫ್ರಾನ್ಸ್‌ನಲ್ಲೂ ಅದಕ್ಕೆ ಹಕ್ಕುಪತ್ರ ಸಿಕ್ಕಿತು. ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರದೆ, ಓಟ್ಸ್ ಬೆಲೆ ಏರಿ, ಕುದುರೆ ಸಾಕುವುದು ಕಷ್ಟವಾದದ್ದರಿಂದಲೇ ಈ ಗಾಡಿ ಹುಟ್ಟಿತು ಎಂಬ ವಾದವನ್ನು ನೀವು ಎಲ್ಲಾದರೂ ಓದಿರಬಹುದು. ಕೇಳಲು ಸೊಗಸಾದ ವಾದವದು. ಆದರೆ ಎಲ್ಲ ಇತಿಹಾಸಕಾರರೂ ಅದನ್ನು ಒಪ್ಪಿಲ್ಲ. ನಾನೂ ಅದನ್ನು ಸಾಬೀತಾದ ಕಾರಣವೆಂದು ಹೇಳುವುದಿಲ್ಲ.

ಲಂಡನ್ನಿಗೆ ಈ ಗಾಡಿಯನ್ನು ತಂದವನು ಡೆನಿಸ್ ಜಾನ್ಸನ್. ಸಾರೋಟು ತಯಾರಿಸುವವರ ಬೀದಿಯೆಂದೇ ಹೆಸರಾಗಿದ್ದ ಲಾಂಗ್ ಏಕರ್‌ನ 75ನೇ ನಂಬರಿನಲ್ಲಿ ಅವನ ಕಾರ್ಖಾನೆಯಿತ್ತು. 1818ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಹಕ್ಕುಪತ್ರ ಪಡೆದ. ಡ್ರೈಸ್‌ನ ಗಾಡಿಯ ದಿಮ್ಮಿ ನೇರವಾಗಿತ್ತು. ಜಾನ್ಸನ್ ಅದನ್ನು ನಡುವೆ ಕೆಳಕ್ಕೆ ಬಾಗಿಸಿದ, ಚಕ್ರಗಳನ್ನು ದೊಡ್ಡದು ಮಾಡಿದ, ಮರದ ಹಲವು ಭಾಗಗಳ ಜಾಗದಲ್ಲಿ ಕಬ್ಬಿಣ ಬಳಸಿದ. ಸವಾರನ ಎದೆಯ ಮುಂದೆ ಮೊಣಕೈ ಊರಲು ಮೆತ್ತೆ ಹಾಕಿದ ಒಂದು ಹಲಗೆ, ಮುಂದಿನ ಚಕ್ರ ತಿರುಗಿಸಲು ಒಂದು ಹಿಡಿ, ಕೂರಲು ತೊಗಲಿನ ಜೀನು. ಇಷ್ಟೇ ಗಾಡಿ. ಅವನು ಇಂಥವನ್ನು ಸುಮಾರು 320 ತಯಾರಿಸಿದನೆಂದು ಲೆಕ್ಕ. ಸವಾರಿ ಕಲಿಸಲು ಸ್ಟ್ರಾಂಡ್ ಬೀದಿಯಲ್ಲಿ ಒಂದು, ಬ್ರೂಯರ್ ಬೀದಿಯಲ್ಲಿ ಒಂದು, ಹೀಗೆ ಎರಡು ಶಾಲೆಗಳನ್ನೂ ತೆರೆದ.

ಬೆಲೆ ಎಷ್ಟಿತ್ತು ಎಂಬುದಕ್ಕೆ ಕವಿ ಜಾನ್ ಕೀಟ್ಸ್‌ನ ಸಾಕ್ಷ್ಯವಿದೆ. 1819ರ ಮಾರ್ಚಿಯಲ್ಲಿ ಅವನು ಅಮೆರಿಕದಲ್ಲಿದ್ದ ತಮ್ಮನಿಗೂ ನಾದಿನಿಗೂ ಬರೆದ ದೀರ್ಘ ಪತ್ರದಲ್ಲಿ ಈ ಗಾಡಿಯ ಮಾತು ಬರುತ್ತದೆ. ಊರೆಲ್ಲ ಆಡಿಕೊಳ್ಳುತ್ತಿರುವ, ಆದರೆ ಹುರುಳಿಲ್ಲದ ಸಂಗತಿ ಇದು ಎಂದು ಶುರುಮಾಡಿ, ಕಾಲ್ಬೆರಳಿನಿಂದ ತಳ್ಳಿಕೊಂಡು ಹೋಗುವ ಈ ಗಾಡಿ ಗಂಟೆಗೆ ಏಳು ಮೈಲಿ ಓಡುತ್ತದೆ, ಚೆನ್ನಾಗಿರುವ ಒಂದಕ್ಕೆ ಎಂಟು ಗಿನಿ ಬೀಳುತ್ತದೆ ಎಂದು ತಿಳಿಸುತ್ತಾನೆ. ಎಂಟು ಗಿನಿ ಎಂದರೆ 168 ಶಿಲಿಂಗ್. ಹೊಲದಲ್ಲಿ ದುಡಿಯುವ ಕೂಲಿಯವನಿಗೆ ಆಗ ವಾರಕ್ಕೆ ಹತ್ತು ಶಿಲಿಂಗಿನ ಆಸುಪಾಸು ಸಿಗುತ್ತಿತ್ತು. ಅಂದರೆ ಮೂರು ನಾಲ್ಕು ತಿಂಗಳ ಪೂರ್ತಿ ಕೂಲಿ ಒಟ್ಟುಹಾಕಿದರೆ ಒಂದು ಗಾಡಿ. ಅದನ್ನು ಕೊಳ್ಳುವವರು ಯಾರಾಗಿದ್ದರು ಎಂಬುದು ಇಲ್ಲಿಗೇ ತಿಳಿಯುತ್ತದೆ.

ಕೊಳ್ಳುತ್ತಿದ್ದವರನ್ನು ಜನ ‘ಡ್ಯಾಂಡಿ’ ಎನ್ನುತ್ತಿದ್ದರು. ನಮ್ಮಲ್ಲಿ ಶೋಕಿಲಾಲ ಎನ್ನುತ್ತೇವಲ್ಲ, ಅವರೇ. ಗದ್ದ ತಿರುಗಿಸಲಾಗದಷ್ಟು ಎತ್ತರಕ್ಕೆ ಗಂಜಿ ಹಾಕಿದ ಕತ್ತುಪಟ್ಟಿ, ಹೆಂಗಸರಂತೆ ಬಿಗಿದ ಸೊಂಟ, ಮೈಗಂಟಿದ ಷರಾಯಿ. ಈ ಗುಂಪಿಗೆ ಗುರುವಿನಂತಿದ್ದ ಬ್ಯೂ ಬ್ರಮೆಲ್ ಸಾಲ ತೀರಿಸಲಾಗದೆ 1816ರಲ್ಲೇ ಫ್ರಾನ್ಸಿಗೆ ಓಡಿಹೋಗಿದ್ದ. ಶೋಕಿ ಮಾತ್ರ ಲಂಡನ್ನಿನಲ್ಲಿ ಉಳಿದಿತ್ತು. ಇವರನ್ನು ಹಾಸ್ಯಮಾಡುವ ಚಿತ್ರಗಳು 1818ರಲ್ಲೇ ಅಂಗಡಿಗಳ ತುಂಬ ನೇತಾಡುತ್ತಿದ್ದವು. ಅಂಥ ಹೊತ್ತಿಗೆ ಇವರೇ ಎರಡು ಚಕ್ರದ ಮರದ ಕುದುರೆ ಹತ್ತಿ ಬೀದಿಗಿಳಿದರು. ಚಿತ್ರಕಾರರಿಗೆ ಬೇಟೆ ತಾನಾಗಿಯೇ ಬಾಗಿಲಿಗೆ ಬಂದಿತ್ತು. 1819ರ ಮೊದಲ ಏಳೆಂಟು ತಿಂಗಳಲ್ಲಿ ಈ ಗಾಡಿಯ ಮೇಲೆ ಎಂಬತ್ತರ ಆಸುಪಾಸು ವಿಡಂಬನಾ ಚಿತ್ರಗಳು ಹೊರಬಂದವೆಂಬ ಅಂದಾಜಿದೆ. ಮುನ್ನೂರು ಚಿಲ್ಲರೆ ಗಾಡಿಗಳಿಗೆ ಎಂಬತ್ತು ಬಗೆಯ ಚಿತ್ರ! ಒಂದೊಂದು ಚಿತ್ರದಿಂದ ನೂರಾರು ಪ್ರತಿ ತೆಗೆಯುತ್ತಿದ್ದರು. ಹಾಗಾಗಿ ಆ ವರ್ಷ ಲಂಡನ್ನಿನವರು ಬೀದಿಯಲ್ಲಿ ಈ ಗಾಡಿಯನ್ನು ನೋಡಿದ್ದಕ್ಕಿಂತ ಅಂಗಡಿಯ ಗಾಜಿನ ಹಿಂದೆ ನೋಡಿದ್ದೇ ಹೆಚ್ಚು ಎಂದು ನಾನು ನಂಬುತ್ತೇನೆ.

ಗಾಡಿಗೆ ಜಾನ್ಸನ್ ಕೊಟ್ಟ ಹೆಸರು ಬೇರೆಯಿದ್ದರೂ ಜನ ಕರೆದದ್ದು ‘ಹಾಬಿ ಹಾರ್ಸ್’ ಎಂದು, ‘ಡ್ಯಾಂಡಿ ಹಾರ್ಸ್’ ಎಂದು. ಹಾಬಿ ಹಾರ್ಸ್ ಎಂದರೆ ಮಕ್ಕಳ ಕೋಲುಕುದುರೆ. ಜಾನಪದ ಕುಣಿತದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಕುದುರೆಗೂ ಅದೇ ಹೆಸರು. ನಮ್ಮ ಕೀಲುಕುದುರೆಯವರು ಕುದುರೆಯೊಳಗೆ ನಿಂತು ತಮ್ಮ ಕಾಲಿನಲ್ಲೇ ಕುಣಿಯುವಂತೆ, ಈ ಸವಾರರೂ ಕುದುರೆ ಏರಿದವರ ಗತ್ತಿನಲ್ಲಿ ಕೂತು ತಮ್ಮ ಕಾಲಿನಿಂದಲೇ ಓಡುತ್ತಿದ್ದರು. ಒಬ್ಬೊಬ್ಬರಿಗೆ ಹಿಡಿದ ಒಂದೊಂದು ಗೀಳಿಗೂ ಆ ಹೆಸರು ಸಲ್ಲುತ್ತಿತ್ತು. ಹೀಗಾಗಿ ‘ಎವ್ವೆರಿ ಒನ್ ಹಿಸ್ ಹಾಬಿ’ ಎಂಬ ಶೀರ್ಷಿಕೆಯಡಿ ಬೇರೆ ಬೇರೆ ವೃತ್ತಿಯವರನ್ನು ಈ ಗಾಡಿ ಹತ್ತಿಸಿ, ಅವರವರ ಗೀಳನ್ನು ತೋರಿಸುವ ಚಿತ್ರಗಳು ಬಂದವು.

ಸವಾರನನ್ನು ನೋಡಿ ನಗುವುದು ಇಂಗ್ಲಿಷ್ ಚಿತ್ರಕಾರರು 1819ರಲ್ಲಿ ಕಂಡುಹಿಡಿದದ್ದಲ್ಲ. ಹೆನ್ರಿ ಬನ್‌ಬರಿ ಎಂಬ ಹವ್ಯಾಸಿ ಚಿತ್ರಕಾರ 1787ರಲ್ಲೇ, ದೊಡ್ಡವರಾದ ಮೇಲೆ ಸವಾರಿ ಕಲಿಯುವವರಿಗೆ ಪಾಠ ಹೇಳುವ ನೆಪದಲ್ಲಿ, ಕೆಟ್ಟ ಸವಾರರ ಚಿತ್ರಮಾಲೆಯೊಂದನ್ನು ಹೊರತಂದಿದ್ದ. ಜೀನಿನ ಮೇಲೆ ಮೂಟೆಯಂತೆ ಕೂತವರು, ಕತ್ತಿಗೆ ಜೋತುಬಿದ್ದವರು, ಹೋಗಬೇಕಾದ ಕಡೆ ಬಿಟ್ಟು ಕುದುರೆ ಹೋದ ಕಡೆ ಹೋಗುವವರು. ಕುದುರೆ ಸವಾರಿ ಅಲ್ಲಿ ಹುಟ್ಟಿನ ಗುರುತು. ಚೆನ್ನಾಗಿ ಕೂರಬಲ್ಲವನು ಕುಲೀನ. ಹಣವಾದ ಮೇಲೆ ಕುದುರೆ ಕೊಂಡ ಪೇಟೆಯ ವ್ಯಾಪಾರಿ ಬೀಳುವವನು. ಅಧಿಕಾರದಲ್ಲಿರುವವರನ್ನು ಇಳಿಸಿ ತೋರಿಸಲೂ ಇದೇ ದಾರಿ. ಇದಕ್ಕೆ ನಮ್ಮ ನೆಲದ ಒಂದು ಉದಾಹರಣೆಯೇ ಇದೆ. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದು ಶ್ರೀರಂಗಪಟ್ಟಣದವರೆಗೆ ಹೋದರೂ, ಮಳೆ ಹಿಡಿದು, ಬಂಡಿ ಎಳೆಯುವ ಎತ್ತುಗಳು ಸತ್ತು, ಕೋಟೆ ಮುಟ್ಟಲಾಗದೆ ಹಿಂದಿರುಗಬೇಕಾಯಿತು. ಆ ಸುದ್ದಿ ಲಂಡನ್ ತಲುಪಿದಾಗ ಜೇಮ್ಸ್ ಗಿಲ್‌ರೇ ಬಿಡಿಸಿದ, 1791ರ ಡಿಸೆಂಬರಿನಲ್ಲಿ ಹನ್ನಾ ಹಂಫ್ರಿ ಪ್ರಕಟಿಸಿದ ಚಿತ್ರದಲ್ಲಿ ಕಾರ್ನ್‌ವಾಲಿಸ್ ಕತ್ತೆಯ ಮೇಲೆ ಕೂತು ಪಲಾಯನ ಮಾಡುತ್ತಿದ್ದಾನೆ. ಕೋಟೆಯ ಮೇಲೆ ನಿಂತ ಟಿಪ್ಪು ಸುರಿಸುವ ಮೂತ್ರವೇ ಅಲ್ಲಿ ಮುಂಗಾರು. ಅಪರಾಧಿಯನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸುವುದನ್ನು ಬಲ್ಲ ಕನ್ನಡದವರಿಗೆ ಆ ಚಿತ್ರವನ್ನು ಯಾರೂ ವಿವರಿಸಬೇಕಿಲ್ಲ.

ಮನುಷ್ಯ ಯಾವುದರ ಮೇಲೆ ಕೂತಿದ್ದಾನೆ, ಹೇಗೆ ಕೂತಿದ್ದಾನೆ ಎಂಬುದರಿಂದ ಅವನ ಯೋಗ್ಯತೆ ಅಳೆಯುವ ಈ ರೂಢಿಯೇ 1819ರ ಗಾಡಿಯ ಚಿತ್ರಗಳಲ್ಲೂ ಮುಂದುವರಿಯಿತು. ಕುದುರೆಯೇ ಇಲ್ಲದ ಸವಾರ ಎಂಬುದು ಅದರ ಹೊಸ ತಿರುವು. ಶೋಕಿಲಾಲ ಕುದುರೆ ಸವಾರನ ಎಲ್ಲ ಠೀವಿಯನ್ನೂ ಇಟ್ಟುಕೊಂಡಿದ್ದಾನೆ. ಬೂಟಿಗೆ ಕುದುರೆ ತಿವಿಯುವ ಮುಳ್ಳು ಕೂಡ ಇದೆ. ಆದರೆ ಕೆಳಗೆ ಪ್ರಾಣಿಯಿಲ್ಲ, ಕೆಸರು ತುಳಿಯುತ್ತಿರುವ ಕಾಲು ಅವನದೇ. ‘ಮ್ಯಾಚ್ ಅಗೇನ್ಸ್ಟ್ ಟೈಮ್, ಆರ್ ವುಡ್ ಬೀಟ್ಸ್ ಬ್ಲಡ್ ಅಂಡ್ ಬೋನ್’ ಎಂಬ ಚಿತ್ರ ರಕ್ತಮಾಂಸದ ಕುದುರೆಗೂ ಮರದ ಕುದುರೆಗೂ ಪಂದ್ಯವನ್ನೇ ಏರ್ಪಡಿಸಿ ಮರವನ್ನು ಗೆಲ್ಲಿಸುತ್ತದೆ.

ಈಗ ನಿಮ್ಮ ಕಮ್ಮಾರನ ಬಳಿಗೆ ಬರೋಣ. ನೀವು ಬರೆದ ವಿವರ ನೋಡಿದರೆ ಅದು ‘ಆಂಟಿ ಡ್ಯಾಂಡಿ ಇನ್‌ಫೆಂಟ್ರಿ ಟ್ರಯಂಫಂಟ್, ಆರ್ ದಿ ವೆಲಾಸಿಪೀಡ್ ಕ್ಯಾವಲ್ರಿ ಅನ್‌ಹಾಬಿಡ್’ ಎಂಬ ಚಿತ್ರವಾಗಿರುವ ಸಾಧ್ಯತೆ ಹೆಚ್ಚು. ಶೀರ್ಷಿಕೆಯನ್ನು ಒಮ್ಮೆ ಹೋಲಿಸಿ ನೋಡಿ. ವೆಲಾಸಿಪೀಡ್ ಎಂದರೆ ಇದೇ ಗಾಡಿ; ಶೋಕಿಲಾಲರ ಗಾಡಿದಂಡನ್ನು ಕಾಲ್ದಳದವರು ಕೆಡವಿ ಗೆದ್ದರು ಎಂಬುದು ಅದರ ತಾತ್ಪರ್ಯ. ಕಾಲ್ದಳ ಎಂದರೆ ಇಲ್ಲಿ ಕಾಲ್ನಡಿಗೆಯ ಜನ, ಕೈಕಸುಬಿನ ಜನ.

ಕಮ್ಮಾರನಿಗೆ ಸಿಟ್ಟು ಬರಲು ಮೇಲ್ನೋಟದ ಕಾರಣ ಹೊಟ್ಟೆಪಾಡು. ಈ ಕುದುರೆಗೆ ಲಾಳ ಬೇಡ. ಕಾಯಿಲೆ ಬೀಳುವುದಿಲ್ಲ, ಆದ್ದರಿಂದ ಕುದುರೆ ವೈದ್ಯನೂ ಬೇಡ. ಹುಲ್ಲು ಬೇಡ, ಲಾಯ ಬೇಡ, ಲಾಯದ ಆಳು ಬೇಡ. ಲಂಡನ್ನಿನಂಥ ಊರಿನಲ್ಲಿ ಕುದುರೆಯನ್ನು ನೆಚ್ಚಿಕೊಂಡ ಕುಟುಂಬಗಳು ಸಾವಿರಾರು. ಜೀನು ಹೊಲಿಯುವವರು, ಹುಲ್ಲು ಮಾರುವವರು, ದಾರಿಯ ಛತ್ರದವರು, ಗೊಬ್ಬರ ಸಾಗಿಸುವವರು. ಆದರೆ ಯೋಚಿಸಿ: ಮುನ್ನೂರು ಗಾಡಿಗಳಿಂದ ಯಾವ ಕಮ್ಮಾರನ ಕುಲುಮೆಯೂ ಆರುವುದಿಲ್ಲ. ಚಿತ್ರ ಕೊಂಡವರಿಗೂ ಅದು ಗೊತ್ತಿತ್ತು.

ಹಾಗಾದರೆ ಆ ಸುತ್ತಿಗೆ ಏನು ಹೇಳುತ್ತಿದೆ? ಇಲ್ಲಿ ನನ್ನ ಓದು ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. 1811ರಿಂದ 1816ರವರೆಗೆ ಇಂಗ್ಲೆಂಡಿನ ನಡುನಾಡಿನಲ್ಲೂ ಉತ್ತರದಲ್ಲೂ ಲಡ್ಡೈಟರೆಂದು ಕರೆಸಿಕೊಂಡ ನೇಕಾರರು, ಕಸುಬುದಾರರು ರಾತ್ರಿ ಕಾರ್ಖಾನೆಗಳಿಗೆ ನುಗ್ಗಿ, ತಮ್ಮ ಕೂಲಿ ಕಸಿದ ಯಂತ್ರಗಳನ್ನು ಸುತ್ತಿಗೆಯಿಂದ ಒಡೆದಿದ್ದರು. 1812ರಲ್ಲಿ ಪಾರ್ಲಿಮೆಂಟು ಮಗ್ಗದ ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸಿ ಕಾನೂನು ತಂದಿತ್ತು. ಜನರನ್ನು ಗಲ್ಲಿಗೇರಿಸಿಯೂ ಇತ್ತು. ಏಳು ವರ್ಷದ ನಂತರ ಅಂಗಡಿಯ ಗಾಜಿನಲ್ಲಿ ದುಡಿಯುವವನೊಬ್ಬ ಯಂತ್ರದ ಮೇಲೆ ಸುತ್ತಿಗೆ ಎತ್ತಿದ ಚಿತ್ರ ಕಂಡಾಗ ಯಾರಿಗಾದರೂ ಆ ನೆನಪು ಬಾರದೆ ಇರಲು ಸಾಧ್ಯವೇ? ವಾಟರ್‌ಲೂ ಯುದ್ಧ ಮುಗಿದು ಸೈನಿಕರು ಕೆಲಸವಿಲ್ಲದೆ ಮನೆಗೆ ಬಂದಿದ್ದರು. 1815ರ ಧಾನ್ಯ ಕಾನೂನಿನಿಂದ ರೊಟ್ಟಿ ತುಟ್ಟಿಯಾಗಿತ್ತು. ಅಂಥ ವರ್ಷದಲ್ಲಿ ಎಂಟು ಗಿನಿ ಕೊಟ್ಟು ಆಟಿಕೆ ಕೊಂಡು, ಫುಟ್‌ಪಾತಿನ ಮೇಲೆ ನಡೆಯುವವರನ್ನು ಬದಿಗೆ ಸರಿಸಿಕೊಂಡು ಹೋಗುವವನು ನೆಲಕ್ಕೆ ಬಿದ್ದಾಗ ಜನರಿಗೆ ಆದ ಸಂತೋಷ ಈ ಚಿತ್ರದಲ್ಲಿದೆ. ಒಡೆದದ್ದು ಶ್ರೀಮಂತನ ಆಟಿಕೆಯಾದ್ದರಿಂದ ಚಿತ್ರಕಾರನಿಗೆ ಅಪಾಯವಿಲ್ಲ. ಕಾರ್ಖಾನೆಯ ಮಗ್ಗವನ್ನು ಹೀಗೆ ಒಡೆಯುವ ಚಿತ್ರವನ್ನು ಗೆಲುವಿನ ಚಿತ್ರವೆಂದು ಮಾರಲು ಲಂಡನ್ನಿನ ಅಂಗಡಿಯವರಿಗೆ ಅಷ್ಟು ಧೈರ್ಯ ಬರುತ್ತಿರಲಿಲ್ಲ.

ಫುಟ್‌ಪಾತಿನ ಮಾತು ಸುಳ್ಳಲ್ಲ. ಗಾಡಿ ಓಡುವ ರಸ್ತೆಗಳು ಕಲ್ಲು, ಗುಂಡಿ, ಸಗಣಿಯಿಂದ ತುಂಬಿರುತ್ತಿದ್ದವು. ಕಬ್ಬಿಣದ ಪಟ್ಟಿ ಬಡಿದ ಮರದ ಚಕ್ರ ಅಲ್ಲಿ ಉರುಳುತ್ತಿರಲಿಲ್ಲ. ಸವಾರರು ನಯವಾದ ಫುಟ್‌ಪಾತಿಗೆ ಏರಿದರು. ನ್ಯಾಯಾಧೀಶರು ಎರಡು ಪೌಂಡು ದಂಡ ಹಾಕತೊಡಗಿದರು. ಒದೆಯುತ್ತ ಓಡುವುದರಿಂದ ಕಿಬ್ಬೊಟ್ಟೆಯ ಹರ್ನಿಯಾ ಬರುತ್ತದೆ ಎಂದು ವೈದ್ಯರೂ ಎಚ್ಚರಿಸಿದರು. ಆ ಎಚ್ಚರಿಕೆಯೂ ಚಿತ್ರಗಳಿಗೆ ವಸ್ತುವಾಯಿತು.

ರಾಜಮನೆತನವೂ ತಪ್ಪಿಸಿಕೊಳ್ಳಲಿಲ್ಲ. ನನಗೆ ಈ ಎಲ್ಲ ಚಿತ್ರಗಳಲ್ಲಿ ಹೆಚ್ಚು ಮೊನಚಾಗಿ ಕಾಣುವುದು ಯಾರ್ಕ್‌ನ ಡ್ಯೂಕ್ ಫ್ರೆಡರಿಕ್‌ನ ಮೇಲಿನವು. ಮುದಿ ದೊರೆ ಮೂರನೆಯ ಜಾರ್ಜ್ ಕಣ್ಣು ಕಳೆದುಕೊಂಡು, ಬುದ್ಧಿಭ್ರಮಣೆಯಾಗಿ ವಿಂಡ್ಸರ್ ಅರಮನೆಯಲ್ಲಿದ್ದ. ಅವನನ್ನು ನೋಡಿಕೊಳ್ಳುವ ಹೊಣೆ ಹೊತ್ತಿದ್ದ ರಾಣಿ ಷಾರ್ಲಟ್ 1818ರ ನವೆಂಬರ್ 17ರಂದು ತೀರಿಕೊಂಡಳು. ಹೊಣೆ ಎರಡನೆಯ ಮಗನಾದ ಯಾರ್ಕ್ ಡ್ಯೂಕನಿಗೆ ಬಂತು. ಅದಕ್ಕಾಗಿ ಅವನಿಗೆ ವರ್ಷಕ್ಕೆ 10,000 ಪೌಂಡು ಕೊಡಲು 1819ರ ಆರಂಭದಲ್ಲಿ ತೀರ್ಮಾನವಾಯಿತು. ಹೆತ್ತ ತಂದೆಯನ್ನು ಹೋಗಿ ನೋಡಿಬರಲು ಮಗನಿಗೆ ಸಂಬಳವೇ ಎಂದು ನಾಡೆಲ್ಲ ಕೇಳಿತು. ಚಿತ್ರಕಾರರು ಡ್ಯೂಕನನ್ನು ಎರಡು ಚಕ್ರದ ಗಾಡಿ ಹತ್ತಿಸಿ ವಿಂಡ್ಸರಿನ ದಾರಿಗೆ ಬಿಟ್ಟರು. ಒಂದು ಚಿತ್ರದ ಶೀರ್ಷಿಕೆಯೇ, ಪ್ರಯಾಣದ ಖರ್ಚು ಉಳಿಸಿ ಹತ್ತು ಸಾವಿರವನ್ನು ಪೂರ್ತಿ ದಕ್ಕಿಸಿಕೊಳ್ಳುವ ಬಗೆ ಎಂಬ ಅರ್ಥದ್ದು. ಹೊಸ ಗಾಡಿ ಇಲ್ಲದಿದ್ದರೆ ಈ ಆರೋಪವನ್ನು ಇಷ್ಟು ಚುರುಕಾಗಿ ಒಂದೇ ನೋಟದಲ್ಲಿ ಹೇಳುವುದು ಕಷ್ಟವಾಗುತ್ತಿತ್ತು.

ಅವನಣ್ಣ, ರಾಜ್ಯಭಾರ ನಡೆಸುತ್ತಿದ್ದ ರೀಜೆಂಟ್, ಇನ್ನೂ ಕೆಳಗಿಳಿದ. ‘ರಾಯಲ್ ಹಾಬೀಸ್, ಆರ್ ದಿ ಹರ್ಟ್‌ಫರ್ಡ್‌ಷೈರ್ ಕಾಕ್ ಹಾರ್ಸ್’ ಎಂಬ ಚಿತ್ರದಲ್ಲಿ ಅವನು ಸವಾರನೂ ಅಲ್ಲ, ಸ್ವತಃ ಗಾಡಿಯೇ ಆಗಿ ಚಾಚಿ ಮಲಗಿದ್ದಾನೆ. ಮೇಲೆ ಕೂತು ನಡೆಸುತ್ತಿರುವವಳು ಅವನ ಗೆಳತಿ ಲೇಡಿ ಹರ್ಟ್‌ಫರ್ಡ್. ದೇಶ ಆಳಬೇಕಾದವನನ್ನು ಯಾರು ಓಡಿಸುತ್ತಿದ್ದಾರೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಎಲ್ಲ ಸವಾರರನ್ನೂ ಚಿತ್ರಕಾರರು ಒಂದೇ ರೀತಿ ಕಾಣಲಿಲ್ಲ. ‘ದಿ ಪಾರ್ಸನ್ಸ್ ಹಾಬಿ, ಆರ್ ಕಂಫರ್ಟ್ ಫಾರ್ ಎ ವೆಲ್ಚ್ ಕ್ಯುರೇಟ್’ ಎಂಬುದರಲ್ಲಿ ಗಾಡಿ ಏರಿದವನು ವೇಲ್ಸ್‌ನ ಬಡ ಪಾದ್ರಿ. ಕುದುರೆ ಸಾಕಲಾಗದ ಸಂಬಳ, ಒಂದು ಊರಿನ ಚರ್ಚಿನಿಂದ ಇನ್ನೊಂದಕ್ಕೆ ನಡೆಯಬೇಕಾದ ದೂರ. ಅವನಿಗೆ ಈ ಗಾಡಿ ಶೋಕಿಯಲ್ಲ, ನಿಜವಾದ ಉಪಕಾರ. ಥಾಮಸ್ ಟೆಗ್ ಪ್ರಕಟಿಸಿದ ‘ಜಾಕ್ ಮೌಂಟೆಡ್ ಆನ್ ಹಿಸ್ ಡ್ಯಾಂಡಿ ಚಾರ್ಜರ್’ ಎಂಬುದರಲ್ಲಿ ಹಡಗಿನ ನಾವಿಕ ಗಾಡಿ ಹತ್ತಿದ್ದಾನೆ. ಈ ಎರಡನ್ನೂ ನಿಮ್ಮ ಕಮ್ಮಾರನ ಚಿತ್ರದ ಪಕ್ಕ ಇಟ್ಟು ನೋಡಿದರೆ ನಾನು ಹೇಳುತ್ತಿರುವುದು ಸ್ಪಷ್ಟವಾಗುತ್ತದೆ. ಗಾಡಿ ಅದೇ, ಚಕ್ರಗಳು ಅವೇ. ಪಾದ್ರಿಯ ಕಡೆಗಿನ ನಗೆಯಲ್ಲಿ ಕನಿಕರವಿದೆ, ನಾವಿಕನ ಕಡೆಗಿನದರಲ್ಲಿ ಅಕ್ಕರೆಯಿದೆ, ಶೋಕಿಲಾಲನ ಮೇಲೆ ಮಾತ್ರ ಸುತ್ತಿಗೆ ಬೀಳುತ್ತದೆ.

ಹೆಂಗಸರ ಚಿತ್ರಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ಉದ್ದ ಲಂಗ ತೊಟ್ಟವರಿಗೂ ಅನುಕೂಲವಾಗಲೆಂದು ಜಾನ್ಸನ್ 1819ರಲ್ಲೇ ದಿಮ್ಮಿ ತಗ್ಗಿಸಿದ ಬೇರೆ ಗಾಡಿಯೊಂದನ್ನು ತಯಾರಿಸಿದ್ದು ನಿಜ. ಆದರೆ ಹೆಂಗಸರು ಗುಂಪುಗುಂಪಾಗಿ ಗಾಡಿ ಓಟದ ಪಂದ್ಯ ಕಟ್ಟಿದಂತೆ ತೋರಿಸುವ ಚಿತ್ರಗಳನ್ನು ನೋಡಿ, ಅಂದಿನ ಲಂಡನ್ನಿನಲ್ಲಿ ಹೆಂಗಸರು ಹಾಗೆ ಸವಾರಿ ಮಾಡುತ್ತಿದ್ದರೆಂದು ಬರೆಯುವವರಿದ್ದಾರೆ. ಅದು ತಪ್ಪು ಓದು. ಆ ಚಿತ್ರಗಳ ಬಹುಪಾಲು ಗಂಡಸರ ಕಣ್ಣಿಗೆಂದು ಮಾಡಿದವು, ಮಾತಿನ ಗುಳ್ಳೆಗಳಲ್ಲಿ ಪೋಲಿ ಶ್ಲೇಷೆ ತುಂಬಿದವು. ಅವು ಹೆಂಗಸರ ಬದುಕಿನ ದಾಖಲೆಗಳಲ್ಲ. ಹೆಂಗಸು ಕಾಲು ಬಿಡಿಸಿ ಕೂತು, ತಾನೇ ಓಡಿಸಿಕೊಂಡು ಎಲ್ಲಾದರೂ ಹೊರಟರೆ ಏನು ಗತಿ ಎಂಬ ಗಂಡಸರ ಅಳುಕಿನ ದಾಖಲೆಗಳು.

ಗಾಡಿಯ ರಚನೆ ತಿಳಿಯಲಿಕ್ಕೂ ವಿಡಂಬನಾ ಚಿತ್ರಗಳನ್ನು ಪೂರ್ತಿ ನಂಬಬಾರದು. ನಗೆಗಾಗಿ ಚಕ್ರ ಕುಗ್ಗಿಸುತ್ತಾರೆ, ದಿಮ್ಮಿಗೆ ಕುದುರೆ ತಲೆ ಅಂಟಿಸುತ್ತಾರೆ. ಅದಕ್ಕೆ ರುಡಾಲ್ಫ್ ಆಕರ್‌ಮನ್ ಪ್ರಕಟಿಸಿದವನ್ನು ನೋಡಬೇಕು. 1819ರ ಮಾರ್ಚಿಯಲ್ಲಿ ಅವನು ಹೊರತಂದ, ಹೆನ್ರಿ ಆಲ್ಕೆನ್ ಬಿಡಿಸಿದ ಜಾನ್ಸನ್‌ನ ಸವಾರಿ ಶಾಲೆಯ ಚಿತ್ರದಲ್ಲಿ ಮೊಣಕೈ ಹಲಗೆ, ಹಿಡಿ, ಜೀನು ಎಲ್ಲವೂ ಇದ್ದಲ್ಲೇ ಇವೆ. ಬೇಟೆ, ಕುದುರೆ ಪಂದ್ಯಗಳನ್ನೇ ಬಿಡಿಸುತ್ತಿದ್ದ ಆಲ್ಕೆನ್‌ಗೆ ಸವಾರನ ಮೈಭಂಗಿ ಕರತಲಾಮಲಕ.

ಇವನ್ನು ಮಾರುತ್ತಿದ್ದವರ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಅವರ ಕೆಲಸದಲ್ಲೇ ಇದೆ. ಚೀಪ್‌ಸೈಡ್‌ನಲ್ಲಿ ಟೆಗ್, ಪಿಕಡಿಲಿಯಲ್ಲಿ ಫೋರ್ಸ್, ಸೇಂಟ್ ಜೇಮ್ಸ್ ಬೀದಿಯಲ್ಲಿ ಹಂಫ್ರಿ ಮನೆತನ. ಸಿರಿವಂತರ ಬೀದಿಯ ಅಂಗಡಿಯಲ್ಲಿ ನಯವಾದ ಕೆಲಸ, ಪೇಟೆಯ ಟೆಗ್‌ನಲ್ಲಿ ಅಗ್ಗದ ಮಾಲು. ಬಣ್ಣ ಹಚ್ಚಿದ ಒಂದು ಹಾಳೆಗೆ ಒಂದೆರಡು ಶಿಲಿಂಗ್. ಕೊಳ್ಳಲಾಗದವರು ಅಂಗಡಿಯ ಗಾಜಿನ ಮುಂದೆ ಗುಂಪುಗೂಡಿ ನೋಡಿ, ಓದುಬಲ್ಲವನಿಂದ ಗುಳ್ಳೆಯ ಮಾತು ಓದಿಸಿಕೊಂಡು ನಗುತ್ತಿದ್ದರು. ಬಿಡಿಸುತ್ತಿದ್ದವರಲ್ಲಿ ರಾಬರ್ಟ್ ಕ್ರೂಕ್‌ಶಾಂಕ್, ಅವನ ತಮ್ಮ ಜಾರ್ಜ್, ವಿಲಿಯಂ ಹೀತ್ ಮುಖ್ಯರು. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀರಿ ಚಿತ್ರ ಬಿಡಿಸಿ, ಆಮ್ಲದಲ್ಲಿ ಅದ್ದುತ್ತಿದ್ದರು. ಗೀರಿದಲ್ಲಿ ಆಮ್ಲ ತಾಮ್ರವನ್ನು ತಿನ್ನುತ್ತಿತ್ತು. ಆ ಗೀರುಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಹಾಸಿ, ಭಾರದ ಉರುಳೆಗಳ ನಡುವೆ ಒತ್ತಿದರೆ ಪ್ರತಿ ಸಿದ್ಧ. ಬಣ್ಣವನ್ನು ಆಮೇಲೆ ಕೂಲಿಯವರು ಸಾಲಾಗಿ ಕೂತು ಕೈಯಿಂದಲೇ ಹಚ್ಚುತ್ತಿದ್ದರು. ಸುದ್ದಿ ಹುಟ್ಟಿದ ಕೆಲವೇ ದಿನಗಳಲ್ಲಿ ಚಿತ್ರ ಅಂಗಡಿಗೆ ಬರುತ್ತಿತ್ತು.

ಬಂದಷ್ಟೇ ಬೇಗ ಹೋಯಿತು ಕೂಡ. 1819ರ ಬೇಸಿಗೆ ಮುಗಿಯುವ ಹೊತ್ತಿಗೆ ಗಾಡಿಯ ಹುಚ್ಚು ಇಳಿದಿತ್ತು. ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ದಳ ಕತ್ತಿ ಹಿರಿದು ನುಗ್ಗಿತು. ಪೀಟರ್‌ಲೂ ಹತ್ಯಾಕಾಂಡವೆಂದು ಹೆಸರಾದದ್ದು ಅದೇ. ಜಾರ್ಜ್ ಕ್ರೂಕ್‌ಶಾಂಕ್‌ನ ಸೂಜಿ ಈಗ ಆ ಕುದುರೆ ಸವಾರರತ್ತ ತಿರುಗಿತು. ಅವನ ಪೀಟರ್‌ಲೂ ಚಿತ್ರದಲ್ಲಿ ಬೊಜ್ಜು ಬೆಳೆದ ಸವಾರರು ಹೆಂಗಸರು ಮಕ್ಕಳ ಮೇಲೆ ಕುದುರೆ ಹಾಯಿಸುತ್ತಿದ್ದಾರೆ. ಕೆಲವು ತಿಂಗಳ ಹಿಂದೆ ನಗೆಗೆ ವಸ್ತುವಾಗಿದ್ದ ಸವಾರ ಇಲ್ಲಿ ಕೊಲೆಗಾರ. ಮರುವರ್ಷ ದೊರೆ ತೀರಿಕೊಂಡು ರೀಜೆಂಟ್ ನಾಲ್ಕನೆಯ ಜಾರ್ಜ್ ಆದ. ತನ್ನನ್ನು ಅಶ್ಲೀಲವಾಗಿ ಚಿತ್ರಿಸದಿರಲೆಂದು ಜಾರ್ಜ್ ಕ್ರೂಕ್‌ಶಾಂಕ್‌ಗೆ 1820ರ ಜೂನ್‌ನಲ್ಲಿ ಅರಮನೆಯಿಂದ ನೂರು ಪೌಂಡು ಸಂದಾಯವಾಯಿತು.

ಪೆಡಲ್ ಇರುವ ಗಾಡಿ ಪ್ಯಾರಿಸ್ಸಿನಿಂದ ಲಂಡನ್ನಿಗೆ ಬಂದದ್ದು ಐವತ್ತು ವರ್ಷದ ಮೇಲೆ, 1869ರ ಹೊತ್ತಿಗೆ. ಆಗ ಕೈಬಣ್ಣದ ಬಿಡಿ ಹಾಳೆಗಳ ಕಾಲ ಮುಗಿದಿತ್ತು. ವಿಡಂಬನೆ ‘ಪಂಚ್’ನಂಥ ವಾರಪತ್ರಿಕೆಗಳ ಕಪ್ಪುಬಿಳುಪು ಮರದಚ್ಚಿಗೆ ಸೇರಿ, ಹೆಚ್ಚು ಸಭ್ಯವೂ ಸ್ವಲ್ಪ ಸಪ್ಪೆಯೂ ಆಗಿತ್ತು. 1890ರ ದಶಕದಲ್ಲಿ ಸಡಿಲ ಷರಾಯಿ ತೊಟ್ಟು ಸೈಕಲ್ ಹತ್ತಿದ ಹೊಸ ಹೆಣ್ಣಿನ ಮೇಲೆ ಪಂಚ್ ಬಿಡಿಸಿದ ಚಿತ್ರಗಳಲ್ಲಿ 1819ರ ಅಳುಕು ಹಾಗೆಯೇ ಇದೆ, ಪೋಲಿತನ ಮಾತ್ರ ಇಲ್ಲ.

ಇನ್ನು ನಿಮ್ಮ ಪ್ರತಿ. ಕೆಳಗಂಚಿನಲ್ಲಿ ಪ್ರಕಾಶಕನ ಹೆಸರು, ವಿಳಾಸ, ದಿನಾಂಕ ಇರುವ ಸಣ್ಣ ಸಾಲೊಂದಿದೆಯೇ ನೋಡಿ. 1735ರಿಂದ ಜಾರಿಗೆ ಬಂದ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ಹಾಗೆ ಕೊರೆದರೆ ಮಾತ್ರ ಚಿತ್ರಕ್ಕೆ ರಕ್ಷಣೆ. ಚಿತ್ರಕಾರ ವಿಲಿಯಂ ಹೋಗಾರ್ತ್ ಹೋರಾಡಿ ತಂದ ಕಾನೂನು ಅದು. ಆದರೆ ಆ ದಿನಾಂಕ ತಗಡು ಸಿದ್ಧವಾದದ್ದನ್ನು ಹೇಳುತ್ತದೆ, ನಿಮ್ಮ ಹಾಳೆ ಒತ್ತಿದ್ದನ್ನಲ್ಲ. ಟೆಗ್‌ನಂಥವರು ಹಳೆಯ ತಗಡುಗಳನ್ನು ಕೊಂಡು ವರ್ಷಗಳ ಮೇಲೂ ಪ್ರತಿ ತೆಗೆಯುತ್ತಿದ್ದರು. ಅದಕ್ಕಾಗಿ ಹಾಳೆಯನ್ನು ಕಟ್ಟಿನಿಂದ ಬಿಡಿಸಿ ಬೆಳಕಿಗೆ ಹಿಡಿಯಬೇಕು. ಕಾಗದದೊಳಗೆ ವಾಟ್‌ಮನ್ ಮುಂತಾದ ಗಿರಣಿಯ ಹೆಸರು, ಇಸವಿ ನೀರುಗುರುತಾಗಿ ಕಾಣಬಹುದು. ಆ ಇಸವಿ 1817 ಅಥವಾ 1818 ಆಗಿದ್ದರೆ ಒಳ್ಳೆಯ ಲಕ್ಷಣ. 1825 ಎಂದಿದ್ದರೆ ಮರುಮುದ್ರಣ ಎಂಬುದರಲ್ಲಿ ಸಂಶಯವಿಲ್ಲ.

ಆಮೇಲೆ ಒಂದು ಭೂತಗನ್ನಡಿ ಹಿಡಿಯಿರಿ. ಅಸಲಿಯಲ್ಲಿ ಗೆರೆ ಅಖಂಡವಾಗಿರುತ್ತದೆ, ಮಸಿ ಕಾಗದದ ಮೇಲೆ ತುಸು ಉಬ್ಬಿರುತ್ತದೆ. ಬಣ್ಣ ಅಲ್ಲಲ್ಲಿ ಗೆರೆ ದಾಟಿ ಹರಿದಿರುತ್ತದೆ. ಗೆರೆಯೂ ಬಣ್ಣವೂ ಸಾಲುಸಾಲು ಚುಕ್ಕಿಗಳಾಗಿ ಒಡೆದರೆ ಅದು ಪುಸ್ತಕಕ್ಕೋ ಕ್ಯಾಲೆಂಡರಿಗೋ ಅಚ್ಚಾದ ಇಪ್ಪತ್ತನೆಯ ಶತಮಾನದ ಪ್ರತಿ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಗೆರೆ ಇರಬೇಕು. ಆದರೆ ಹಿಂದಿನವರು ಆಲ್ಬಮ್ಮಿಗೆ ಅಂಟಿಸಲು ಅಂಚು ಕತ್ತರಿಸಿಬಿಡುತ್ತಿದ್ದರು. ಆದ್ದರಿಂದ ಅದು ಕಾಣಲಿಲ್ಲವೆಂದ ಮಾತ್ರಕ್ಕೆ ನಕಲಿ ಎನ್ನಬೇಡಿ. ಚಿತ್ರದಲ್ಲಿ ಎಲ್ಲಾದರೂ ಪೆಡಲ್ ಕಂಡರೆ ಮಾತ್ರ 1819ರ ಮಾತು ಅಲ್ಲಿಗೆ ಮುಗಿಯಿತು.

ಹೋಲಿಸಿ ನೋಡಲು ಬ್ರಿಟಿಷ್ ಮ್ಯೂಸಿಯಂನ ಜಾಲತಾಣ ಎಲ್ಲಕ್ಕಿಂತ ಒಳ್ಳೆಯದು. ಡೊರೊಥಿ ಜಾರ್ಜ್ ಎಂಬ ವಿದುಷಿ ಅಲ್ಲಿನ ಸಾವಿರಾರು ವಿಡಂಬನಾ ಚಿತ್ರಗಳನ್ನು ಒಂದೊಂದಾಗಿ ನೋಡಿ, ಗುಳ್ಳೆಯ ಮಾತುಗಳನ್ನೂ ಎತ್ತಿ ಬರೆದು ಮಾಡಿದ ಸೂಚಿಯ ಒಂಬತ್ತನೆಯ ಸಂಪುಟದಲ್ಲಿ 1819ರವು ಬರುತ್ತವೆ. ಆ ವಿವರಗಳೆಲ್ಲ ಈಗ ಚಿತ್ರದ ಜೊತೆಗೇ ಸಿಗುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೂ ದೊಡ್ಡ ಸಂಗ್ರಹವಿದೆ. ಅದು ವಿಂಡ್ಸರ್ ಅರಮನೆಯಿಂದ 1921ರಲ್ಲಿ ಕೊಂಡದ್ದು. ತಮ್ಮನ್ನೇ ಹೀಗೆಲ್ಲ ಬಿಡಿಸಿದ್ದನ್ನು ಆ ರಾಜಮನೆತನ ಕೊಂಡು ಕೂಡಿಟ್ಟಿತ್ತು. ಶೀರ್ಷಿಕೆ ಹಾಕಿ ಹುಡುಕಿ, ನಿಮ್ಮ ಹಾಳೆಯ ಗೆರೆಗೆ ಗೆರೆ ತಾಳೆ ನೋಡಿ.

ಒಂದು ಕೋರಿಕೆ: ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಹಿಂದಿನ ಕಟ್ಟಿನ ಹಲಗೆ ಅಥವಾ ರಟ್ಟು ಕಾಗದಕ್ಕೆ ತಾಗಿಕೊಂಡಿದ್ದರೆ ಅದನ್ನು ತೆಗೆಸಿ, ಆಮ್ಲವಿಲ್ಲದ ರಟ್ಟು ಹಾಕಿಸಿ, ಗಾಜಿಗೂ ಹಾಳೆಗೂ ನಡುವೆ ಸ್ವಲ್ಪ ಸಂದು ಬಿಡಿಸಿ. ಕಿಟಕಿಯ ಎದುರು ಗೋಡೆಗೆ ತೂಗುಹಾಕಬೇಡಿ. ಕೈಬಣ್ಣದ ಕೆಂಪು ಮತ್ತು ಹಳದಿ ಬಿಸಿಲಿಗೆ ಮೊದಲು ಮಾಸುತ್ತವೆ.